ನಾನು ಕೈ ಬೀಸಿದ್ದು ನಿನಗೆ ಕಾಣಲೇ ಇಲ್ಲ

ಗೆಳೆಯಾ,

ಶನಿವಾರ ರಾತ್ರಿ ಆಟದಲ್ಲಿ ನೀನು ಸತ್ತದ್ದಕ್ಕೆ ನಾನೇ ಕಾರಣ ಅಂತ ಎಲ್ಲರ ಮುಂದೆ ಹೇಳಿದೆಯಲ್ಲ, ಅದಕ್ಕೆ ಉತ್ತರ ಇದು. ಫೋನಿನಲ್ಲಿ ಹೇಳೋಣ ಅಂದರೆ ಎರಡನೇ ಮಾತಿಗೇ ನೀನು ಬಾಯಿ ಹಾಕುತ್ತೀಯ. ಅದಕ್ಕೇ ಪತ್ರ. ನಾಲ್ಕು ಜನ ಓದುವ ಕಡೆ ಹಾಕುತ್ತಿರುವುದಕ್ಕೂ ಕಾರಣ ಇದೆ. "ನನ್ನ ಹತ್ತಿರ ಹೆಡ್‌ಸೆಟ್ಟೇ ಇಲ್ಲ, ನನಗ್ಯಾಕೆ ವಿಆರ್ ಮಾಡ್?" ಅನ್ನುವವನು ನೀನೊಬ್ಬನೇ ಅಲ್ಲ. (ವಿಆರ್ ಅಂದರೆ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಟದ ಒಳಗೇ ನಿಂತ ಹಾಗೆ ಆಡುವುದು. ಮಾಡ್ ಅಂದರೆ ಆಟಕ್ಕೆ ಹೊರಗಿನವರು ಬರೆದು ಸೇರಿಸಿದ ತುಣುಕು.) ಆ ಮಾತು ತಪ್ಪು ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಅವತ್ತು ಆದದ್ದನ್ನು ನನ್ನ ಕಡೆಯಿಂದ ಕೇಳು.

ಅವತ್ತು ಆಡಲು ಇದ್ದದ್ದು ನಾವು ನಾಲ್ಕು ಜನ. ನೀವು ಮೂವರು ಮಾನಿಟರ್ ಮುಂದೆ, ನಾನೊಬ್ಬ ಹೆಡ್‌ಸೆಟ್ ಒಳಗೆ. ಆಟ ಲೀಥಲ್ ಕಂಪನಿ: ದೆವ್ವಗಳು ಓಡಾಡುವ ಚಂದ್ರಗಳ ಮೇಲೆ ಇಳಿದು, ಗುಜರಿ ಹೆಕ್ಕಿ, ನಮ್ಮ ಬಾಹ್ಯಾಕಾಶದ ಹಡಗಿಗೆ ತರಬೇಕು. ಆ ಹಾಳು ಚಂದ್ರನ ಮೇಲೆ ಸಂಜೆ ಆಗಿತ್ತು. ನೀನು ಎರಡೂ ಕೈಯಲ್ಲಿ ಆ ದೊಡ್ಡ ಗುಜರಿ ಆಕ್ಸಲ್ ಹೊತ್ತುಕೊಂಡು ಬರುತ್ತಿದ್ದೆ. ನಾನು ಬಲಗೈಯಲ್ಲಿ ಟಾರ್ಚ್ ಹಿಡಿದು ನಿನಗಿಂತ ಹತ್ತು ಹೆಜ್ಜೆ ಮುಂದೆ. ಹಡಗಿನ ದೀಪ ಕಾಣುತ್ತಿತ್ತು. ದೀಪಕ್ಕೂ ನಮಗೂ ನಡುವೆ ಕಣ್ಣಿಲ್ಲದ ನಾಯಿ ನಿಂತಿತ್ತು.

ಅದರ ವಿಚಾರ ನಿನಗೆ ಗೊತ್ತೇ ಇದೆ. ಕಣ್ಣಿಲ್ಲ, ಆದರೆ ಕಿವಿ ಚುರುಕು. ಹೆಜ್ಜೆ ಸದ್ದು ಕೇಳುತ್ತದೆ, ಮೈಕಿನಲ್ಲಿ ನಾವು ಆಡುವ ಮಾತೂ ಕೇಳುತ್ತದೆ. ಹಾಗಾಗಿ ನಾನು ತಿರುಗಿ ನಿನ್ನ ಕಡೆ ನೋಡಿ ಎಡಗೈ ಎತ್ತಿದೆ, "ನಿಲ್ಲು" ಅಂತ. ಆಮೇಲೆ ಅಂಗೈ ಕೆಳಗೆ ಮಾಡಿ ಎರಡು ಸಲ ಒತ್ತಿ ತೋರಿಸಿದೆ, "ಕೂತ್ಕೋ" ಅಂತ. ಆಮೇಲೆ ಕೈಯನ್ನು ಬಾಯಿಯ ಹತ್ತಿರ ತಂದೆ. ನೀನು ನೇರ ನನ್ನನ್ನೇ ನೋಡುತ್ತಿದ್ದೆ. ಸರಿ, ಅರ್ಥವಾಯಿತು ಅಂದುಕೊಂಡೆ.

ನೀನು ಗಟ್ಟಿಯಾಗಿ ಕೇಳಿದೆ: "ಯಾಕೋ ಕಂಬದ ಹಾಗೆ ನಿಂತೆ?"

ಮುಂದಿನದು ಎಲ್ಲರಿಗೂ ಗೊತ್ತು.

ಆಮೇಲೆ ನಿನ್ನ ರೆಕಾರ್ಡಿಂಗ್ ನೋಡಿದೆ. ನಿನ್ನ ಪರದೆಯಲ್ಲಿ ನಾನು ನಿಜವಾಗಿಯೂ ಕಂಬವೇ! ಕಿತ್ತಳೆ ಸೂಟು ತೊಟ್ಟ ಒಬ್ಬ ಆಸಾಮಿ, ಟಾರ್ಚ್ ಮುಂದೆ ಚಾಚಿ, ಇನ್ನೊಂದು ಕೈ ಪಕ್ಕಕ್ಕೆ ಇಳಿಬಿಟ್ಟು, ಸುಮ್ನೆ ನಿನ್ನನ್ನೇ ದಿಟ್ಟಿಸುತ್ತಿದ್ದಾನೆ. ನನ್ನ ಪರದೆಯಲ್ಲಿ ನಾನು ಟ್ರಾಫಿಕ್ ಪೊಲೀಸಿನ ಹಾಗೆ ಕೈ ಆಡಿಸುತ್ತಿದ್ದೆ. ಒಂದೇ ಆಟ, ಒಂದೇ ಕ್ಷಣ. ನಿನ್ನ ಕಡೆಯಿಂದ ನೋಡಿದರೆ ನೀನು ಬೈದದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ತಪ್ಪು ನನ್ನದೂ ಅಲ್ಲ ಕಣೋ. ನಡುವೆ ಒಂದು ಮಾಡ್ ಇರಲಿಲ್ಲ, ಅಷ್ಟೇ.

ಹೀಗೆ ಯಾಕಾಗುತ್ತದೆ ಅಂತ ಹೇಳುತ್ತೇನೆ, ನಿನ್ನ ಅರ್ಧ ಕೋಪ ಅಲ್ಲೇ ಇಳಿಯುತ್ತದೆ. ಲೀಥಲ್ ಕಂಪನಿ 2023ರ ಅಕ್ಟೋಬರ್‌ನಲ್ಲಿ ಬಂದದ್ದು, ಒಬ್ಬನೇ ಡೆವಲಪರ್ ಮಾಡಿದ ಆಟ, ಮಾನಿಟರಿಗೆಂದೇ ಮಾಡಿದ್ದು. ಅಂಥ ಆಟಕ್ಕೆ ನಿನ್ನ ಕೈ ಎಲ್ಲಿದೆ ಅಂತ ಗೊತ್ತಿರುವುದಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರುವುದಿಲ್ಲ. ನೀನು ಎಲ್ಲಿ ನಿಂತಿದ್ದೀಯ, ಯಾವ ಕಡೆ ತಿರುಗಿದ್ದೀಯ, ಮೇಲೆ ನೋಡುತ್ತಿದ್ದೀಯೋ ಕೆಳಗೋ, ನಡೆಯುತ್ತಿದ್ದೀಯೋ ಕೂತಿದ್ದೀಯೋ, ಕೈಯಲ್ಲಿ ಏನು ಹಿಡಿದಿದ್ದೀಯ, ಹೆಚ್ಚುಕಮ್ಮಿ ಇಷ್ಟನ್ನೇ ಅದು ಉಳಿದವರ ಕಂಪ್ಯೂಟರಿಗೆ ಕಳಿಸುತ್ತದೆ. ಕೈಕಾಲು ಹೇಗೆ ಆಡಬೇಕು ಅನ್ನುವುದನ್ನು ಮೊದಲೇ ಮಾಡಿಟ್ಟ ಅನಿಮೇಶನ್ ನೋಡಿಕೊಳ್ಳುತ್ತದೆ. ನೀನು ನಡೆದರೂ ನಾನು ನಡೆದರೂ ಕೈ ಬೀಸುವುದು ಒಂದೇ ತರಹ.

ನಾನು ಹಾಕಿಕೊಂಡಿರುವ ಮಾಡ್ ಹೆಸರು ಎಲ್‌ಸಿವಿಆರ್. ಅದು ಎರಡು ಕೆಲಸ ಮಾಡುತ್ತದೆ. ಒಂದು, ಆಟವನ್ನು ನನ್ನ ಹೆಡ್‌ಸೆಟ್ ಒಳಗೆ ತರುತ್ತದೆ. ಇನ್ನೊಂದು ಕೆಲಸ ಯಾರ ಗಮನಕ್ಕೂ ಬರುವುದಿಲ್ಲ: ನನ್ನ ತಲೆ ಮತ್ತು ಎರಡು ಕೈ ಎಲ್ಲಿವೆ, ಯಾವ ಕಡೆ ತಿರುಗಿವೆ ಅನ್ನುವುದನ್ನು ಆಟದ ಮಾಮೂಲಿ ಮಾಹಿತಿಯ ಪಕ್ಕದಲ್ಲಿ ಬೇರೆಯಾಗಿ ಕಳಿಸುತ್ತದೆ. ನಿನ್ನ ಕಂಪ್ಯೂಟರಿನಲ್ಲಿ ಅದೇ ಮಾಡ್ ಇದ್ದರೆ ಅದನ್ನು ಓದಿ ನನ್ನ ಗೊಂಬೆಯ ಕೈ ಎತ್ತಿಸುತ್ತದೆ. ಇಲ್ಲದಿದ್ದರೆ ಓದುವವರೇ ಇಲ್ಲ. ನಾನು ಪತ್ರ ಹಾಕುತ್ತಲೇ ಇದ್ದೇನೆ, ನಿನ್ನ ಮನೆಗೆ ಪೆಟ್ಟಿಗೆಯೇ ಇಲ್ಲ.

ಅದೇನು ಭಾರಿ ಡೇಟಾ ಅಂದುಕೊಳ್ಳಬೇಡ. ಸುಮ್ನೆ ಲೆಕ್ಕ ಹಾಕಿ ನೋಡು. ಒಂದು ವಸ್ತು ಎಲ್ಲಿದೆ ಅಂತ ಹೇಳೋಕೆ 3 ಸಂಖ್ಯೆ ಸಾಕು. ಹೇಗೆ ತಿರುಗಿದೆ ಅಂತ ಹೇಳೋಕೆ ಆಟಗಳು ಸಾಮಾನ್ಯವಾಗಿ 4 ಸಂಖ್ಯೆ ಬಳಸುತ್ತವೆ. ಒಟ್ಟು 7. ತಲೆಗೊಂದು, ಎರಡು ಕೈಗೆ ಎರಡು, ಅಲ್ಲಿಗೆ 21 ಸಂಖ್ಯೆ. ಒಂದೊಂದಕ್ಕೆ 4 ಬೈಟ್ ಹಿಡಿದರೂ 84 ಬೈಟ್. ಒಂದು ಎಸ್ಸೆಮ್ಮೆಸ್ಸಿಗೆ 140 ಬೈಟ್ ಇರುತ್ತದೆ. ಅಂದರೆ ನಾನು ಒಂದು ಕ್ಷಣದಲ್ಲಿ ಹೇಗೆ ನಿಂತಿದ್ದೇನೆ ಅನ್ನುವುದು ಪೂರ್ತಿಯಾಗಿ ಒಂದು ಎಸ್ಸೆಮ್ಮೆಸ್ಸಿನಲ್ಲಿ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ಅದನ್ನು ಸೆಕೆಂಡಿಗೆ ಹಲವು ಸಲ ಕಳಿಸಬೇಕು, ನಿಜ. ಆದರೂ ನಮ್ಮ ವಾಯ್ಸ್ ಚಾಟ್ ತಿನ್ನುವ ನೆಟ್ ಮುಂದೆ ಇದು ದೊಡ್ಡದೇನಲ್ಲ.

ಉಳಿದದ್ದೆಲ್ಲ ಊಹೆ. ಮೊಣಕೈ ಎಲ್ಲಿದೆ ಅಂತ ಹೆಡ್‌ಸೆಟ್ಟಿಗೆ ಗೊತ್ತಿಲ್ಲ. ಭುಜ ಇಲ್ಲಿ, ಅಂಗೈ ಅಲ್ಲಿ, ಹಾಗಾದರೆ ಮೊಣಕೈ ಇಲ್ಲೆಲ್ಲೋ ಇರಬೇಕು ಅಂತ ಲೆಕ್ಕ ಹಾಕುತ್ತದೆ. ಇನ್ವರ್ಸ್ ಕೈನಮ್ಯಾಟಿಕ್ಸ್ ಅಂತ ಅದಕ್ಕೆ ಹೆಸರು. ಎಷ್ಟೋ ಸಲ ತಪ್ಪುತ್ತದೆ. ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡರೆ ನಿಮಗೆ ಮೊಣಕೈ ಮುರಿದವನ ಹಾಗೆ ಕಂಡೇನು, ನಕ್ಕುಬಿಡಿ.

ತಲೆ, ಎರಡು ಕೈ, ಈ ಮೂರು ಚುಕ್ಕಿಯಿಂದ ಏನು ಮಹಾ ಗೊತ್ತಾಗುತ್ತದೆ ಅಂತ ನೀನು ಕೇಳುತ್ತೀಯ. ಜಾಸ್ತಿನೇ ಗೊತ್ತಾಗುತ್ತದೆ. 1973ರಲ್ಲಿ ಗುನ್ನಾರ್ ಯೊಹಾನ್ಸನ್ ಅನ್ನುವ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಜನರ ಕೀಲುಗಳ ಮೇಲೆ ಬೆಳಕಿನ ಚುಕ್ಕಿ ಇಟ್ಟು, ಉಳಿದದ್ದೆಲ್ಲ ಕತ್ತಲು ಮಾಡಿ ತೋರಿಸಿದ. ಚುಕ್ಕಿಗಳು ನಿಂತಿದ್ದಾಗ ಏನೂ ತಿಳಿಯುತ್ತಿರಲಿಲ್ಲ. ಅವು ಚಲಿಸಿದ ಕೂಡಲೇ ನೋಡಿದವರಿಗೆ ಮನುಷ್ಯ ನಡೆಯುತ್ತಿದ್ದಾನೆ ಅಂತ ತಿಳಿದುಹೋಯಿತು. 1977ರಲ್ಲಿ ಕಟಿಂಗ್ ಮತ್ತು ಕೊಜ್ಲೋವ್‌ಸ್ಕಿ ಅನ್ನುವ ಇಬ್ಬರು ಒಂದು ಹೆಜ್ಜೆ ಮುಂದೆ ಹೋದರು. ಒಬ್ಬರನ್ನೊಬ್ಬರು ಬಲ್ಲ ಗೆಳೆಯರಿಗೆ ಬರೀ ಚುಕ್ಕಿಗಳನ್ನು ತೋರಿಸಿ ಇದು ಯಾರ ನಡಿಗೆ ಅಂತ ಕೇಳಿದರು. ಎಲ್ಲ ಸಲ ಸರಿ ಹೇಳಲಿಲ್ಲ, ಆದರೆ ಕಣ್ಣು ಮುಚ್ಚಿ ಊಹಿಸಿದ್ದರೆ ಎಷ್ಟು ಸರಿಯಾಗುತ್ತಿತ್ತೋ ಅದಕ್ಕಿಂತ ಚೆನ್ನಾಗಿಯೇ ಗುರುತು ಹಿಡಿದರು.

ಇನ್ನೂ ಒಂದು ಇದೆ, ಅದು ನಮ್ಮ ಮಾಡ್ ಲೋಕದ್ದೇ. ಬೀಟ್ ಸೇಬರ್ ನಿನಗೆ ಗೊತ್ತಲ್ಲ, ಹಾಡಿನ ತಾಳಕ್ಕೆ ತಕ್ಕಂತೆ ಬರುವ ಡಬ್ಬಿಗಳನ್ನು ಬೆಳಕಿನ ಕತ್ತಿಯಲ್ಲಿ ಕತ್ತರಿಸುವ ಆಟ. ಅದಕ್ಕೆ ಬೀಟ್‌ಲೀಡರ್ ಅಂತ ಒಂದು ಮಾಡ್ ಇದೆ. ಆಡಿದವರ ತಲೆ ಕೈ ಚಲನೆಯನ್ನೆಲ್ಲ ರಿಪ್ಲೇ ಅಂತ ಉಳಿಸಿಡುತ್ತದೆ. 2023ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜೊತೆಗಾರರು ಅಂಥ ರಿಪ್ಲೇಗಳನ್ನು ಇಟ್ಟುಕೊಂಡು 55,000ಕ್ಕೂ ಜಾಸ್ತಿ ಆಟಗಾರರಲ್ಲಿ ಇವನು ಇಂಥವನೇ ಅಂತ ಕಂಪ್ಯೂಟರಿನಿಂದ ಗುರುತಿಸಿ ತೋರಿಸಿದರು. 100 ಸೆಕೆಂಡ್ ಚಲನೆ ಕೊಟ್ಟರೆ ಶೇಕಡಾ 94ರಷ್ಟು ಸರಿ. ಬರೀ 10 ಸೆಕೆಂಡ್ ಕೊಟ್ಟರೂ ಶೇಕಡಾ 73. ಅವರು ಇದನ್ನು ಖಾಸಗಿತನದ ಎಚ್ಚರಿಕೆಯಾಗಿ ಬರೆದದ್ದು. ಹೆದರಬೇಕಾದ ವಿಷಯವೇ, ಒಪ್ಪುತ್ತೇನೆ. ಆದರೆ ನನಗೆ ಓದಿದಾಗ ಮೊದಲು ಅನಿಸಿದ್ದು ಬೇರೆ. ಯಂತ್ರಕ್ಕೇ ಅಷ್ಟು ಗೊತ್ತಾಗುವುದಾದರೆ, ಇಷ್ಟು ವರ್ಷ ಜೊತೆಗಿದ್ದವರಿಗೆ ಗೊತ್ತಾಗುವುದಿಲ್ವಾ?

ಗೊತ್ತಾಗುತ್ತದೆ. ನಮ್ಮ ಗುಂಪಿನ ಹೆಡ್‌ಸೆಟ್ ಇರುವ ಇನ್ನೊಬ್ಬ ಇದ್ದಾನಲ್ಲ, ಅವನ ಜೊತೆ ಬೋನ್‌ಲ್ಯಾಬ್ ಆಡುತ್ತೇನೆ. ಬೋನ್‌ಲ್ಯಾಬ್ 2022ರಲ್ಲಿ ಬಂತು, ಒಬ್ಬನೇ ಆಡುವ ಆಟ. ಜೊತೆಗೆ ಆಡುವ ದಾರಿ ಮಾಡಿಕೊಟ್ಟದ್ದು ಫ್ಯೂಷನ್ ಅನ್ನುವ ಮಾಡ್. ಅವನು ಒಂದು ದಿನ ಯಾವುದೋ ರೋಬೋಟ್ ವೇಷ ಹಾಕಿಕೊಂಡು ಬಂದಿದ್ದ. ಮೈಕ್ ಆಫ್. ಒಳಗೆ ಬಂದವನೇ ಒಂದು ಬದಿಗೆ ತಲೆ ವಾಲಿಸಿ, ಬಲಗೈ ಸೊಂಟಕ್ಕೆ ಕೊಟ್ಟು ನಿಂತ. ಬಾಯಿ ಬಿಡುವ ಮುಂಚೆಯೇ ಇದು ಅವನೇ ಅಂತ ಗೊತ್ತಾಗಿಹೋಯಿತು. ಲೆಕ್ಕ ತಪ್ಪಾದಾಗ ಅವನು ನಿಲ್ಲುವುದು ಹಾಗೇ ಅಲ್ವಾ? ಲೋಹದ ಮೈಯೊಳಗಿಂದ ಅವನ ಆಲಸ್ಯವೇ ಎದ್ದು ಬಂದಂತಿತ್ತು.

ಫ್ಯೂಷನ್ ಬಗ್ಗೆ ಇನ್ನೆರಡು ಮಾತು, ಯಾಕೆಂದರೆ ಅದರ ಒಳಗಿನ ಕೆಲಸ ನನಗೆ ತುಂಬ ಇಷ್ಟ. ಬೋನ್‌ಲ್ಯಾಬಿನಲ್ಲಿ ಎಲ್ಲದಕ್ಕೂ ತೂಕ ಇದೆ. ಡಬ್ಬ ಎತ್ತಿದರೆ ಕೈ ಜಗ್ಗುತ್ತದೆ, ನೂಕಿದರೆ ಉರುಳುತ್ತದೆ. ಇದನ್ನು ಇಬ್ಬರ ಕಂಪ್ಯೂಟರಿನಲ್ಲೂ ಬೇರೆ ಬೇರೆ ಲೆಕ್ಕ ಹಾಕಿದರೆ ಎರಡು ಸೆಕೆಂಡಿನಲ್ಲಿ ನಿನ್ನ ಡಬ್ಬ ಅಲ್ಲಿ, ನನ್ನ ಡಬ್ಬ ಇಲ್ಲಿ. ಹಾಗಾಗಿ ಪ್ರತಿ ವಸ್ತುವಿಗೂ ಒಬ್ಬ ಯಜಮಾನ ಇರುತ್ತಾನೆ. ಅವನ ಕಂಪ್ಯೂಟರ್ ಹೇಳಿದ್ದೇ ಸರಿ, ಉಳಿದವರು ಅದು ಹೇಳಿದ ಜಾಗದಲ್ಲಿ ಡಬ್ಬ ಇಟ್ಟುಕೊಳ್ಳಬೇಕು. ನಾನು ಎತ್ತಿಕೊಂಡರೆ ಯಜಮಾನಿಕೆ ನನಗೆ ಬರುತ್ತದೆ. ತಮಾಷೆ ಶುರುವಾಗುವುದು ಇಬ್ಬರೂ ಒಂದೇ ಡಬ್ಬ ಹಿಡಿದು ಎಳೆದಾಗ. ನೆಟ್ ಸ್ವಲ್ಪ ತಡವಾದರೂ ಸಾಕು, ಡಬ್ಬಕ್ಕೆ ದೆವ್ವ ಹಿಡಿದ ಹಾಗೆ ನಡುಗುತ್ತದೆ. ಒಂದು ಸಲ ನಾವಿಬ್ಬರೂ ಒಂದು ಮೇಜು ಸಾಗಿಸಲು ಹೋಗಿ ಅದು ನಮ್ಮಿಬ್ಬರನ್ನೂ ಗೋಡೆಗೆ ಅಪ್ಪಳಿಸಿ ತಾನು ಆಕಾಶಕ್ಕೆ ಹೋಯಿತು. ಆಟದಲ್ಲಿ ಏನೂ ಆಗಲಿಲ್ಲ. ಮನೆಯಲ್ಲಿ ನನ್ನ ಮೊಣಕೈ ಪುಸ್ತಕದ ಕಪಾಟಿಗೆ ತಗುಲಿ ಎರಡು ದಿನ ನೋವು.

ಇರಲಿ, ನಿನ್ನ ವಿಷಯಕ್ಕೆ ಬರುತ್ತೇನೆ. ನಿನ್ನ ಹಾಗೆ ಹೆಡ್‌ಸೆಟ್ ಇಲ್ಲದವರನ್ನು ನೆನಪಿಟ್ಟುಕೊಂಡು ಮಾಡಿದ ಮಾಡ್ ಎಲ್‌ಸಿವಿಆರ್ ಒಂದೇ ಅಲ್ಲ. ವಾಲ್‌ಹೈಮ್ 2021ರ ಫೆಬ್ರುವರಿಯಲ್ಲಿ ಬಂದ ಆಟ, ಹತ್ತು ಜನ ಒಟ್ಟಿಗೆ ಆಡಬಹುದು. ಅದಕ್ಕೆ ಬಂದ ವಿಎಚ್‌ವಿಆರ್ ಮಾಡ್‌ನಲ್ಲಿ "ನಾನು ವಿಆರ್ ಆಟಗಾರ ಅಲ್ಲ" ಅಂತ ಹೇಳುವ ಒಂದು ಸೆಟ್ಟಿಂಗ್ ಇಟ್ಟಿದ್ದಾರೆ. ಅದನ್ನು ಹಾಕಿಕೊಂಡರೆ ನಿನ್ನ ಆಟ ಮಾನಿಟರಿನಲ್ಲೇ ಇರುತ್ತದೆ, ವಿಆರ್ ಗೆಳೆಯ ಕೊಡಲಿ ಬೀಸುವುದು ಮಾತ್ರ ಅವನು ಬೀಸಿದ ಹಾಗೇ ಕಾಣುತ್ತದೆ. ಮೈನ್‌ಕ್ರಾಫ್ಟ್‌ನ ವೈವ್‌ಕ್ರಾಫ್ಟ್ ಕಥೆ ಇನ್ನೂ ಹಳೆಯದು. 2013ರ ಮೈನ್‌ಕ್ರಿಫ್ಟ್ ಅನ್ನುವ ಮಾಡ್‌ನ ವಂಶದ್ದು ಅದು. ಅಲ್ಲಿ ಸರ್ವರಿಗೂ ಒಂದು ಪ್ಲಗಿನ್ ಹಾಕಬೇಕಾಗಬಹುದು, ಯಾಕೆಂದರೆ ಕೈ ಆಡಿಸುವವನಿಗೂ ನೋಡುವವನಿಗೂ ನಡುವೆ ಸರ್ವರ್ ಕೂತಿರುತ್ತದೆ. ಅದಕ್ಕೆ ಅರ್ಥವಾಗದಿದ್ದರೆ ಅದು ದಾಟಿಸುವುದಿಲ್ಲ. ಕಳಿಸುವವನು, ದಾಟಿಸುವವನು, ನೋಡುವವನು, ಈ ಮೂರರಲ್ಲಿ ಒಬ್ಬ ಕೈಕೊಟ್ಟರೂ ಕೈ ಕಾಣುವುದಿಲ್ಲ.

ಈಗ ನೀನು ಮಾಡಬೇಕಾದ್ದು. ಮಾಡ್ ಅಂದ ಕೂಡಲೇ ನಿನ್ನ ಮುಖ ಸಪ್ಪೆಯಾಗುವುದು ನನಗೆ ಗೊತ್ತು. ಹಿಂದೊಮ್ಮೆ ಯಾವುದೋ ಆಟದ ಫೋಲ್ಡರಿಗೆ ಕೈಯಾರೆ ಫೈಲ್ ತುಂಬಿ, ಆಟವೇ ತೆರೆಯದೆ, ಇಡೀ ಆಟವನ್ನು ಮತ್ತೆ ಇಳಿಸಿಕೊಂಡವನು ನೀನು. ಈಗ ಹಾಗಿಲ್ಲ. ಆರ್‌2ಮಾಡ್‌ಮ್ಯಾನ್ ಅಂತ ಒಂದು ಪ್ರೋಗ್ರಾಂ ಇದೆ. ಥಂಡರ್‌ಸ್ಟೋರ್ ಅನ್ನುವ ಮಾಡ್ ಭಂಡಾರದಿಂದ ಬೇಕಾದ್ದನ್ನು ತಂದು ಹಾಕುವುದು ಅದರ ಕೆಲಸ. ಅದರಲ್ಲಿ ಪ್ರೊಫೈಲ್ ಅಂತ ಮಾಡಿಕೊಳ್ಳುತ್ತೀಯ, ಮಾಡ್‌ಗಳೆಲ್ಲ ಆ ಪ್ರೊಫೈಲ್ ಒಳಗೆ ಇರುತ್ತವೆ. ಮಾಡ್ ಜೊತೆ ಶುರು ಮಾಡು ಅಂತ ಒಂದು ಬಟನ್, ಮಾಡ್ ಇಲ್ಲದೆ ಶುರು ಮಾಡು ಅಂತ ಇನ್ನೊಂದು. ಬೇಡ ಅನಿಸಿದರೆ ಎರಡನೆಯದು ಒತ್ತು, ಮೊದಲಿನ ಆಟವೇ ತೆರೆಯುತ್ತದೆ. ಎಲ್‌ಸಿವಿಆರ್ ಹುಡುಕಿ ಹಾಕಿದರೆ ಅದಕ್ಕೆ ಬೇಕಾದ ಬೆಪ್‌ಇನ್‌ಎಕ್ಸ್ ಮುಂತಾದವು ತಾವಾಗಿಯೇ ಬರುತ್ತವೆ. ಬೆಪ್‌ಇನ್‌ಎಕ್ಸ್ ಅಂದರೆ ಮಾಡ್‌ಗಳನ್ನು ಆಟದ ಒಳಗೆ ಕರೆದುಕೊಂಡು ಹೋಗುವ ಬಾಗಿಲು ಕಾಯುವವನು ಅಂದುಕೊ.

ನನ್ನ ಪ್ರೊಫೈಲನ್ನು ಒಂದು ಕೋಡ್ ಮಾಡಿ ನಿನಗೆ ಕಳಿಸುತ್ತೇನೆ. ಅದನ್ನು ಅಂಟಿಸಿದರೆ ನನ್ನಲ್ಲಿರುವ ಮಾಡ್‌ಗಳು, ಅದೇ ಆವೃತ್ತಿಯಲ್ಲಿ, ನಿನ್ನಲ್ಲೂ ಬಂದು ಕೂರುತ್ತವೆ. ಆದರೆ ಇಲ್ಲಿ ಎಡವುವ ಜಾಗ ಒಂದಿದೆ, ಸರಿಯಾಗಿ ಕೇಳು. ಕೋಡ್ ಜೊತೆಗೆ ನನ್ನ ಸೆಟ್ಟಿಂಗ್‌ಗಳೂ ಬರುತ್ತವೆ. ನನ್ನ ಸೆಟ್ಟಿಂಗ್ ಅಂದರೆ ವಿಆರ್ ಆನ್. ನಿನಗೆ ಬೇಕಾದ್ದು ಆಫ್. ಹಾಗಾಗಿ ಆಟ ತೆರೆಯುವ ಮುಂಚೆ ಆರ್‌2ಮಾಡ್‌ಮ್ಯಾನ್‌ನಲ್ಲೇ ಇರುವ ಕಾನ್ಫಿಗ್ ಎಡಿಟರಿಗೆ ಹೋಗಿ, ಎಲ್‌ಸಿವಿಆರ್ ಫೈಲಿನಲ್ಲಿ "ಡಿಸೇಬಲ್ ವಿಆರ್" ಅನ್ನುವುದನ್ನು "ಟ್ರೂ" ಮಾಡು. ಉಳಿಸು. ಅಷ್ಟೇ.

ಇದು ನನಗೆ ಹೇಗೆ ಗೊತ್ತು ಅಂದರೆ, ಉಲ್ಟಾ ಎಡವಿದವನು ನಾನು. ಹೋದ ತಿಂಗಳು ಗುಂಪಿನ ಇನ್ನೊಬ್ಬನಿಗೆ ಇದೇ ಪಾಠ ಹೇಳಿಕೊಟ್ಟೆ. ಅವನು ಚೆನ್ನಾಗಿ ಕಲಿತ, ಆಮೇಲೆ ಒಂದೆರಡು ಹೊಸ ಮಾಡ್ ಸೇರಿಸಿ ತನ್ನ ಕೋಡ್ ನನಗೆ ಕಳಿಸಿದ. ನಾನು ಅಂಟಿಸಿದೆ, ಹೆಡ್‌ಸೆಟ್ ಹಾಕಿಕೊಂಡೆ. ಬರೀ ಕತ್ತಲು. ಕೇಬಲ್ ಬದಲಿಸಿದೆ. ಡ್ರೈವರ್ ಬದಲಿಸಿದೆ. ಕಂಪ್ಯೂಟರನ್ನು ಎರಡು ಸಲ ಮುಚ್ಚಿ ತೆರೆದೆ. ಅರ್ಧ ಗಂಟೆ ಕತ್ತಲಲ್ಲಿ ಕುರುಡನ ಹಾಗೆ ಕೂತಿದ್ದೆ, ನೀವೆಲ್ಲ ಲಾಬಿಯಲ್ಲಿ ಕಾಯುತ್ತಾ ನನ್ನನ್ನು ಆಡಿಕೊಳ್ಳುತ್ತಿದ್ದಿರಿ. ಕೊನೆಗೆ ಹೆಡ್‌ಸೆಟ್ ತೆಗೆದು ನೋಡಿದರೆ ಆಟ ಮಾನಿಟರಿನಲ್ಲಿ ಆರಾಮಾಗಿ ನಡೆಯುತ್ತಿದೆ! ಅವನ "ಟ್ರೂ" ನನ್ನ ಫೈಲಿಗೆ ಬಂದು ಕೂತಿತ್ತು.

ಇನ್ನು ಕೆಡುವ ವಿಷಯ. ಕೆಡುತ್ತದೆ, ಸುಳ್ಳು ಯಾಕೆ ಹೇಳಲಿ. ಆಟಕ್ಕೆ ಹೊಸ ಅಪ್‌ಡೇಟ್ ಬಂದ ದಿನ ಮಾಡ್ ಸತ್ತುಹೋಗಬಹುದು. ಮಾಡ್ ಅಂದರೆ ಆಟದ ಒಳಗಿನ ಇಂಥ ಫಂಕ್ಷನ್ ಇಂಥ ಕೆಲಸ ಮಾಡುತ್ತದೆ ಅಂತ ನಂಬಿ ಬರೆದ ಕೋಡ್. ಅಪ್‌ಡೇಟಿನಲ್ಲಿ ಆ ಫಂಕ್ಷನ್ ಬದಲಾದರೆ ಮಾಡ್ ಗಾಳಿಗೆ ಕೈ ಹಾಕಿದ ಹಾಗೆ. ಬೀಟ್ ಸೇಬರ್ ಆಡುವವರಲ್ಲಿ ಎಷ್ಟೋ ಜನ ಇದೇ ಕಾರಣಕ್ಕೆ ಹೊಸ ಆವೃತ್ತಿ ಮುಟ್ಟದೆ ಹಳೆಯದನ್ನೇ ಹಿಡಿದುಕೊಂಡು ಕೂರುತ್ತಾರೆ. ನಾವು ಅಷ್ಟೆಲ್ಲ ಮಾಡುವುದು ಬೇಡ. ನಾವು ಆಟ ಕೊಳ್ಳುವ ಸ್ಟೀಮ್‌ನಲ್ಲಿ, ಆಟ ತೆರೆದಾಗ ಮಾತ್ರ ಅಪ್‌ಡೇಟ್ ಮಾಡು ಅಂತ ಇಟ್ಟುಕೊ. ಶನಿವಾರ ಆಟ ಇದ್ದರೆ ಶುಕ್ರವಾರವೇ ಒಂದು ಸಲ ತೆರೆದು ನೋಡು. ಶನಿವಾರ ರಾತ್ರಿ ಒಂಬತ್ತಕ್ಕೆ ನೋಡಬೇಡ.

ಮಾಡ್ ಸರಿ ಹೋಗುವವರೆಗೆ ಅದನ್ನು ಬರೆದವರ ಹತ್ತಿರ ಹೋಗಿ ಯಾವಾಗ ಯಾವಾಗ ಅಂತ ಪ್ರಾಣ ತಿನ್ನಬೇಡ. ಇವರಲ್ಲಿ ಹೆಚ್ಚಿನವರು ಬಿಡುವಿನಲ್ಲಿ ಬರೆಯುವವರು, ಸಂಬಳ ಯಾರೂ ಕೊಡುವುದಿಲ್ಲ.

ಎಲ್ಲಾ ಆಟದಲ್ಲೂ ಮಾಡ್ ಹಾಕಬಹುದು ಅಂತಲೂ ತಿಳಿಯಬೇಡ. ಜನ ಗೊಂಬೆ ವೇಷದಲ್ಲಿ ಸೇರಿ ಹರಟುವ ವಿಆರ್‌ಚಾಟ್‌ನವರು 2022ರ ಜುಲೈನಲ್ಲಿ ಈಸಿ ಆಂಟಿ ಚೀಟ್ ಅನ್ನುವ, ಮೋಸ ತಡೆಯುವ ಪ್ರೋಗ್ರಾಂ ತಂದು ಮಾಡ್ ಹಾಕಿಕೊಂಡು ಬರುವವರನ್ನೆಲ್ಲ ಹೊರಗಿಟ್ಟರು. ದೊಡ್ಡ ಗಲಾಟೆಯೇ ಆಯಿತು, ಯಾಕೆಂದರೆ ಕಿವಿ ಕೇಳದವರು, ಕಣ್ಣು ಮಂಜಾದವರು ನೆಚ್ಚಿಕೊಂಡಿದ್ದ ಮಾಡ್‌ಗಳೂ ಅದರ ಜೊತೆ ಹೋದವು. ಆಮೇಲೆ ಕೆಲವು ಸೌಲಭ್ಯಗಳನ್ನು ಅವರೇ ಆಟದೊಳಗೆ ತಂದರು. ಲೆಫ್ಟ್ ಫೋರ್ ಡೆಡ್ 2ಕ್ಕೆ ಇರುವ ವಿಆರ್ ಮಾಡ್ ಹಾಕಿದರೆ ಆಟವನ್ನು "ಇನ್‌ಸೆಕ್ಯೂರ್", ಅಂದರೆ ಕಾವಲಿಲ್ಲದ್ದು, ಅಂತಲೇ ತೆರೆಯಬೇಕು, ಆಗ ಚೀಟ್ ಕಾವಲಿರುವ ಸರ್ವರುಗಳಿಗೆ ಪ್ರವೇಶ ಇಲ್ಲ. ಗೊರಿಲ್ಲಾ ಟ್ಯಾಗ್ ಅನ್ನುವ ವಿಆರ್ ಆಟದಲ್ಲಿ ಮಾಡ್ ಹಾಕಿದವರಿಗೆ ಬೇರೆಯೇ ಕೋಣೆ. ನನಗೆ ಈ ಬೇರೆ ಕೋಣೆಯ ಏರ್ಪಾಡೇ ಸರಿ ಅನಿಸುತ್ತದೆ. ಗೊತ್ತಿಲ್ಲದವರ ಆಟಕ್ಕೆ ನುಗ್ಗಿ ಗಾಳಿಯಲ್ಲಿ ಹಾರಾಡುವವನನ್ನು ಹೊರಗೆ ಹಾಕಿದರೆ ತಪ್ಪೇನು? ನಾವು ಆಡುವುದು ಗೆಳೆಯರಿಗೆ ಮಾತ್ರ ತೆರೆದ ನಮ್ಮದೇ ಲಾಬಿಯಲ್ಲಿ. ಅಲ್ಲಿ ಎಲ್ಲರೂ ಒಪ್ಪಿದರೆ ಮುಗಿಯಿತು.

ಇನ್ನೊಂದು ಮಾತು, ಸೀರಿಯಸ್ಸಾಗಿಯೇ ಹೇಳುತ್ತೇನೆ. ಮಾಡ್ ಅಂದರೆ ನಿನ್ನ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಂ. ನೀನು ಮುಟ್ಟಬಹುದಾದ ಫೈಲುಗಳನ್ನೆಲ್ಲ ಅದೂ ಮುಟ್ಟಬಹುದು. ಹಾಗಾಗಿ ಯಾರೋ ಚಾಟಿನಲ್ಲಿ ಕೊಟ್ಟ ಜಿಪ್ ಫೈಲ್ ಬೇಡ. ತುಂಬ ಜನ ಬಳಸುವುದು, ಸೋರ್ಸ್ ಕೋಡ್ ಎಲ್ಲರಿಗೂ ಕಾಣುವುದು, ಅಂಥದ್ದನ್ನೇ ಹಾಕು. ಗುಂಪಿನ ಪಟ್ಟಿಗೆ ಹೊಸದು ಸೇರಿಸುವುದಿದ್ದರೆ ಮೊದಲು ಕೇಳು. ದೆವ್ವ ಸೇರಿಸುವ, ಗುಜರಿ ಸೇರಿಸುವ ಮಾಡ್‌ಗಳು ಒಬ್ಬನಲ್ಲಿ ಇದ್ದು ಇನ್ನೊಬ್ಬನಲ್ಲಿ ಇಲ್ಲದಿದ್ದರೆ ಒಬ್ಬನನ್ನು ಏನೋ ತಿನ್ನುತ್ತಿರುತ್ತದೆ, ಇನ್ನೊಬ್ಬನಿಗೆ ಅಲ್ಲಿ ಏನೂ ಕಾಣುವುದಿಲ್ಲ.

ನಿನಗೆ ಹೇಳದೇ ಇಟ್ಟುಕೊಂಡಿದ್ದ ಒಂದು ಗುಟ್ಟು ಇದೆ. ಅವತ್ತು ನಾನು ಕೈಯನ್ನು ಬಾಯಿಯ ಹತ್ತಿರ ತಂದೆ ಅಂದೆನಲ್ಲ, ಅದು ಬರೀ ಸನ್ನೆ ಅಲ್ಲ. ಎಲ್‌ಸಿವಿಆರ್‌ನಲ್ಲಿ ಬಾಯಿಗೆ ಅಡ್ಡ ಕೈ ಹಿಡಿದರೆ ನಮ್ಮ ಮಾತು ದೆವ್ವಗಳಿಗೆ ಕೇಳಿಸುವುದಿಲ್ಲ. ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ಪಿಸುಗುಡಬಹುದು. ಹಡಗಿನ ಲಿವರ್ ಅನ್ನು ಕೈಯಿಂದ ಹಿಡಿದು ಎಳೆಯುವುದೂ ನನಗೆ ಇಷ್ಟ, ಆದರೆ ಬಾಯಿಗೆ ಕೈ ಅಡ್ಡ ಹಿಡಿಯುವ ಈ ಒಂದು ಸಣ್ಣ ಕೆಲಸದ ಮುಂದೆ ಅದು ಏನೂ ಅಲ್ಲ. ಕತ್ತಲಲ್ಲಿ ಕೂತು, ಎದುರು ನಾಯಿ ಮೂಸುತ್ತಾ ಓಡಾಡುತ್ತಿರುವಾಗ, ಆಟಕ್ಕೆ ಅಂತ ಅಲ್ಲ, ಕೈ ತಾನಾಗಿಯೇ ಬಾಯಿಗೆ ಹೋಗುತ್ತದೆ. ಮಾಡ್ ಬರೆದವರಿಗೆ ಅದು ಹೊಳೆದದ್ದು ಹೇಗೋ!

ಅದನ್ನು ನೀನು ನೋಡಬೇಕು ಅನ್ನುವುದೇ ನನ್ನ ಆಸೆ. ಹೆಡ್‌ಸೆಟ್ ಕೊಂಡುಕೊ ಅಂತ ನಾನು ಯಾವತ್ತೂ ಹೇಳುವುದಿಲ್ಲ. ನಿನಗೆ ಬಸ್ಸಿನಲ್ಲಿ ಕೂತರೇ ತಲೆ ಸುತ್ತುತ್ತದೆ, ಹೆಡ್‌ಸೆಟ್ ಹಾಕಿಕೊಂಡು ಓಡಿದರೆ ಕೇಳಬೇಕಾ? ಮಾನಿಟರ್ ಮುಂದೆಯೇ ಇರು. ಆಮೇಲೆ, ನಕ್ಷೆ ನೋಡಿಕೊಂಡು ಬಾಗಿಲು ತೆಗೆಯಲು ಹಡಗಿನಲ್ಲಿ ಒಬ್ಬ ನೆಟ್ಟಗೆ ಕೂತಿರಬೇಕು, ಆ ಕೆಲಸಕ್ಕೆ ನಿನಗಿಂತ ಒಳ್ಳೆಯವನು ನಮ್ಮಲ್ಲಿ ಯಾರೂ ಇಲ್ಲ. ಆದರೆ ಹೊರಗೆ ಬಂದಾಗ ನನ್ನ ಕೈ ನಿನಗೆ ಕಾಣಲಿ.

ಕೋಡ್ ಇವತ್ತು ರಾತ್ರಿ ಕಳಿಸುತ್ತೇನೆ. ಹತ್ತು ನಿಮಿಷದ ಕೆಲಸ. ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯೋಕೆ ಶನಿವಾರ ಇಳಿಯುವ ಮುಂಚೆ ಹಡಗಿನಲ್ಲೇ ನನ್ನ ಎದುರು ನಿಲ್ಲು. ನಾನು ಎಡಗೈ ಎತ್ತುತ್ತೇನೆ, ಆಮೇಲೆ ಅಂಗೈ ಕೆಳಗೆ ಮಾಡಿ ಎರಡು ಸಲ ಒತ್ತುತ್ತೇನೆ. ಕಂಡರೆ ಏನೂ ಮಾತಾಡಬೇಡ. ನಿನ್ನ ಕೀಬೋರ್ಡಿನಲ್ಲಿ 2 ಒತ್ತು, ನಿನ್ನ ಆಸಾಮಿ ಬೆರಳು ಚಾಚಿ ತೋರಿಸುತ್ತಾನೆ. ನನಗೆ ಅಷ್ಟು ಸಾಕು.

ಇಂತಿ ನಿನ್ನ,
ಕಂಬದ ಹಾಗೆ ನಿಂತವನು